ಹೆಸರು ಲುಟ್ಯೆನ್ಸನದು, ನಕ್ಷೆ ರಸೆಲನದು

ಪ್ರಶ್ನೆ: ಮಗನ ಸಂದರ್ಶನಕ್ಕೆಂದು ದೆಹಲಿಗೆ ಹೋಗಿದ್ದೆವು. ಆಟೋದವನು ಮಂತ್ರಿಗಳ ಬಿಳಿ ಬಂಗಲೆಗಳನ್ನು ತೋರಿಸಿ ‘ಎಲ್ಲವೂ ಲುಟ್ಯೆನ್ಸ್ ಸಾಹೇಬ ಕಟ್ಟಿದ್ದು’ ಎಂದ. ಅಷ್ಟನ್ನೂ ಒಬ್ಬನೇ ಕಟ್ಟಿದನೇ? ನನಗಂತೂ ನಮ್ಮ ಕಂಟೋನ್ಮೆಂಟಿನ ಬಂಗಲೆಗಳೇ ನೆನಪಾದವು.
– ಓದುಗರೊಬ್ಬರು, ಕೌಲ್‌ಬಜಾರ್, ಬಳ್ಳಾರಿ

ಉತ್ತರ: ಆಟೋದವನನ್ನು ಬೈಯಬೇಡಿ ತಾಯೀ, ಪತ್ರಿಕೆಗಳೂ ಹಾಗೆಯೇ ಬರೆಯುತ್ತವೆ. ರಾಷ್ಟ್ರಪತಿ ಭವನ, ಇಂಡಿಯಾ ಗೇಟ್ ಬ್ರಿಟಿಷ್ ವಾಸ್ತುಶಿಲ್ಪಿ ಎಡ್ವಿನ್ ಲುಟ್ಯೆನ್ಸನವೇ. ಬಂಗಲೆಗಳ ವಿಷಯಕ್ಕೆ ಬಂದರೆ, ವೈಸರಾಯ್ ಎಸ್ಟೇಟಿನೊಳಗಿನ (ಇಂದಿನ ರಾಷ್ಟ್ರಪತಿ ಭವನದ ಆವರಣ) ಕೆಲವನ್ನು ಬಿಟ್ಟರೆ ಅವನ ಕೈವಾಡ ಕಾಣುವುದಿಲ್ಲ. ಹೆಚ್ಚಿನವು ಲೋಕೋಪಯೋಗಿ ಇಲಾಖೆಯ ನಕ್ಷೆಗಳು. ಅಲ್ಲಿನ ಮುಖ್ಯ ವಾಸ್ತುಶಿಲ್ಪಿ ರಾಬರ್ಟ್ ಟಾರ್ ರಸೆಲ್. ಕನಾಟ್ ಪ್ಲೇಸ್ ಅವನದು. 1948ರಿಂದ 1964ರವರೆಗೆ ನೆಹರೂ ಇದ್ದ ತೀನ್ ಮೂರ್ತಿ ಭವನವೂ ಅವನದೇ. ಲೋಕೋಪಯೋಗಿ ಇಲಾಖೆಯಲ್ಲೇ ನಕ್ಷೆ ಎಳೆದು ನಿವೃತ್ತನಾದವನು ನಾನು. ಉದ್ಘಾಟನೆಯ ಕಲ್ಲಿನಲ್ಲಿ ನಮ್ಮಂಥವರ ಹೆಸರು ಎಂದೂ ಕೆತ್ತಿಸುವುದಿಲ್ಲ. ಹಾಗಾಗಿ ರಸೆಲನ ಕಡೆಗೆ ನನ್ನ ಮನಸ್ಸು ತುಸು ವಾಲುತ್ತದೆ, ಒಪ್ಪಿಕೊಳ್ಳುತ್ತೇನೆ.

ನಿಮ್ಮ ಕಣ್ಣು ಸುಳ್ಳಾಡಿಲ್ಲ. ಬಳ್ಳಾರಿ 1800ರಲ್ಲೇ ನಿಜಾಮರಿಂದ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂತು. ರಾಜಧಾನಿ ದೆಹಲಿಗೆ ಎಂದು ಘೋಷಣೆಯಾದದ್ದು 1911ರ ಡಿಸೆಂಬರಿನಲ್ಲಿ, ಹೊಸದೆಹಲಿಯ ಉದ್ಘಾಟನೆ 1931ರಲ್ಲಿ. ಬಿಸಿಲಿಗೆ ಬೆದರಿದ ಸಾಹೇಬರು ಅಷ್ಟರೊಳಗೆ ನಮ್ಮಂಥ ದಂಡಿನ ಊರುಗಳಲ್ಲಿ ಎತ್ತರದ ತಳಪಾಯ, ಅಗಲವಾದ ಪಡಸಾಲೆ, ಮೇಲೆ ಗವಾಕ್ಷಿ, ಮನೆಯಿಂದ ದೂರ ಅಡುಗೆಮನೆ, ಹಿಂದೆ ಆಳುಗಳ ಸಾಲುಕೋಣೆ ಎಂದು ಎಲ್ಲವನ್ನೂ ಪಳಗಿಸಿಕೊಂಡಿದ್ದರು.

ಒಮ್ಮೆ ಕಂಟೋನ್ಮೆಂಟಿನ ಹಳೆಯ ಬಂಗಲೆಯೊಂದರ ಸೋರಿಕೆ ನೋಡಲು ಹೋಗಿದ್ದೆ. ಮದ್ರಾಸ್ ತಾರಸಿ: ತೇಗದ ತೊಲೆಗಳ ಮೇಲೆ ತೆಳು ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಗಾರೆ ಬಡಿದದ್ದು. ಅದರ ಮೇಲೆ ಯಾರೋ ಪುಣ್ಯಾತ್ಮರು ಸಿಮೆಂಟ್ ಸುರಿದಿದ್ದರು, ಸೋರದೆ ಇನ್ನೇನು? ಗೋಡೆಯಲ್ಲಿ ಕಿರುಬೆರಳು ತೂರುವಷ್ಟು ತೂತು ಕಂಡಿತು. ಪಡಸಾಲೆಯಲ್ಲಿ ಕುಳಿತ ಆಳು ಪಂಖ, ಅಂದರೆ ಒಳಗೆ ಚಾವಣಿಗೆ ತೂಗುಹಾಕಿದ ಬಟ್ಟೆಯ ಬೀಸಣಿಗೆ, ಎಳೆಯುತ್ತಿದ್ದ ಹಗ್ಗದ ದಾರಿ ಅದು. ಅದರ ಕೆಳಅಂಚು ನಮ್ಮ ಬಾವಿಕಟ್ಟೆಯ ಕಲ್ಲಿನಂತೆ ಸವೆದು ನುಣುಪಾಗಿತ್ತು. ಈಗ ಅದೇ ತೂತಿನಲ್ಲಿ ಟಿವಿಯ ಕೇಬಲ್ ಒಳಗೆ ಹೋಗಿತ್ತು.

ದೆಹಲಿಯಲ್ಲಿ ಹೊಸದಾಗಿ ಸೇರಿದ್ದು ಅಳತೆಯ ಲೆಕ್ಕ. ಹುದ್ದೆ ದೊಡ್ಡದಾದಷ್ಟೂ ನಿವೇಶನ ದೊಡ್ಡದು, ವೈಸರಾಯ್ ಮನೆಗೆ ಹತ್ತಿರ. ಭಾರತೀಯ ಗುಮಾಸ್ತರು ಉತ್ತರಕ್ಕೆ, ಗೋಲ್ ಮಾರ್ಕೆಟ್ ಕಡೆಗೆ. ಸ್ವಾತಂತ್ರ್ಯ ಬಂದಾಗ ಒಳಗಿನವರು ಬದಲಾದರು, ಕಾಂಪೌಂಡು ಒಂದಡಿಯೂ ಒಳಕ್ಕೆ ಸರಿಯಲಿಲ್ಲ. 1988ರಿಂದ ಈ ಭಾಗಕ್ಕೆ ಕಟ್ಟಡಗಳ ಪ್ರತ್ಯೇಕ ನಿರ್ಬಂಧಗಳಿವೆ, ಗಗನಚುಂಬಿಗಳು ಒಳನುಗ್ಗದಿರುವುದು ಅದರಿಂದಲೇ. ನಮ್ಮ ಕಂಟೋನ್ಮೆಂಟಿಗೂ ಅಂಥದ್ದೊಂದು ಬೇಕಿತ್ತು ಎಂದು ನನ್ನ ಹೊಟ್ಟೆಯುರಿ.

ಪ್ರಶ್ನೆ: ದೆಹಲಿಯಲ್ಲೂ ಬಳ್ಳಾರಿ ಜಾಲಿ ನೋಡಿದೆ ಎಂದರೆ ಗೆಳೆಯರು ನಗುತ್ತಾರೆ. ನಾನು ಕಂಡದ್ದು ಸುಳ್ಳೇ?
– ಓದುಗರೊಬ್ಬರು, ಕೊಪ್ಪಳ

ಉತ್ತರ: ನಿಜವೇ. ಬಂಗಲೆಗಳ ಬೀದಿಗಳಿಗೆ ಬ್ರಿಟಿಷರು ಒಂದೊಂದು ಜಾತಿಯ ಮರ ಆರಿಸಿದರು. ಅಕ್ಬರ್ ರಸ್ತೆಗೆ ನಮ್ಮ ಹುಣಸೆ. ರಾಷ್ಟ್ರಪತಿ ಭವನದ ಹಿಂದಿನ ಬೋಳು ದಿಣ್ಣೆಯನ್ನು ಹಸಿರು ಮಾಡಲು ಅಮೆರಿಕ ಖಂಡದಿಂದ ಬಂದ ಮುಳ್ಳುಗಿಡ ಬಿತ್ತಿದರು. ಅಲ್ಲಿಯವರು ಅದನ್ನು ವಿಲಾಯತಿ ಕೀಕರ್ ಎನ್ನುತ್ತಾರೆ, ನಾವು ಬಳ್ಳಾರಿ ಜಾಲಿ ಎನ್ನುತ್ತೇವೆ. ಗೆಳೆಯರು ಇನ್ನೂ ನಕ್ಕರೆ ಒಂದು ಮುಳ್ಳು ತಂದು ತೋರಿಸಿ.