ಹೈ ರಿಸ್ಕ್ ಅಂದರೆ ಎಷ್ಟು?

ಪ್ರಶ್ನೆ: ನನಗೆ 31 ವರ್ಷ, ಮೂರು ತಿಂಗಳ ಬಸುರಿ. ಡಬಲ್ ಮಾರ್ಕರ್ ಎಂಬ ರಕ್ತ ಪರೀಕ್ಷೆಯ ರಿಪೋರ್ಟಿನಲ್ಲಿ ಡೌನ್ ಸಿಂಡ್ರೋಮ್ (ಮಗುವಿನ ಬುದ್ಧಿ, ಬೆಳವಣಿಗೆ ನಿಧಾನವಾಗುವ, ಹುಟ್ಟಿನಿಂದಲೇ ಇರುವ ಸ್ಥಿತಿ) ಎದುರು '1:220, ಹೈ ರಿಸ್ಕ್' ಎಂದು ಕೆಂಪಕ್ಷರದಲ್ಲಿದೆ. ಓರಗಿತ್ತಿಯದು 1:900 ಇತ್ತು. "ನಿಂದೇ ಕಡಿಮೆ ಅಲ್ವಾ, ಯಾಕೆ ಅಳ್ತೀಯಾ?" ಎನ್ನುತ್ತಾರೆ ಅತ್ತೆ. ಡಾಕ್ಟರ್ ಇನ್ನೊಂದು ಟೆಸ್ಟ್ ಹೇಳಿದ್ದಾರೆ. ಮಗುವಿಗೆ ತೊಂದರೆ ಇದೆ ಎಂದೇ ಅರ್ಥವೇ?

ಉತ್ತರ: ಇಲ್ಲಮ್ಮ, ಹಾಗಲ್ಲ. ಒಂದು ಕಲ್ಯಾಣ ಮಂಟಪದಲ್ಲಿ ಇಂಥದೇ ರಿಪೋರ್ಟ್ ಹಿಡಿದ 220 ಬಸುರಿಯರು ಕೂತಿದ್ದಾರೆ ಅಂದುಕೊಳ್ಳಿ. ಅವರಲ್ಲಿ ಸುಮಾರು ಒಬ್ಬರ ಮಗುವಿಗೆ ಡೌನ್ ಸಿಂಡ್ರೋಮ್ ಇರುತ್ತದೆ. ಉಳಿದ 219 ಮಂದಿಯ ಮಗುವಿಗೆ ಇರುವುದಿಲ್ಲ. ಆ 219 ಮಂದಿಯ ಮಾತು ರಿಪೋರ್ಟಿನಲ್ಲಿ ಎಲ್ಲೂ ಇಲ್ಲ, ಅಲ್ವಾ?

ಅತ್ತೆಯವರನ್ನು ಬೈಯಬೇಡಿ. 220ರ ಪಕ್ಕ 900 ಇಟ್ಟರೆ ಕಣ್ಣಿಗೆ 900 ದೊಡ್ಡದು. ಚೆನ್ನಾಗಿ ಓದಿದವರೂ ಇಲ್ಲಿ ಎಡವುತ್ತಾರೆ. ಅದಕ್ಕೇ ನಾನು ಎಲ್ಲವನ್ನೂ ಸಾವಿರಕ್ಕೆ ತಂದು ಹೇಳುತ್ತೇನೆ. ಓರಗಿತ್ತಿಯದು ಸಾವಿರಕ್ಕೆ ಒಂದು, ನಿಮ್ಮದು ಸಾವಿರಕ್ಕೆ ನಾಲ್ಕೈದು. ನಿಮ್ಮದೇ ಜಾಸ್ತಿ, ನಿಜ. ಆದರೂ ಸಾವಿರದಲ್ಲಿ 995 ಮಕ್ಕಳಿಗೆ ಇದು ಇಲ್ಲ.

ಇನ್ನು ಆ ಕೆಂಪಕ್ಷರ. ಎಷ್ಟೋ ಲ್ಯಾಬ್‌ಗಳು 1:250ಕ್ಕೆ ಗೆರೆ ಎಳೆಯುತ್ತವೆ. 1:240 ಬಂದರೆ ಹೈ ರಿಸ್ಕ್, 1:260 ಬಂದರೆ ಲೋ ರಿಸ್ಕ್. ಸಾವಿರಕ್ಕೆ ಲೆಕ್ಕ ಹಾಕಿದರೆ 4.2 ಮತ್ತು 3.8. ಇಷ್ಟಕ್ಕೇ ಒಂದು ಮನೆಯಲ್ಲಿ ಪಾಯಸ, ಇನ್ನೊಂದು ಮನೆಯಲ್ಲಿ ಒಲೆಯೇ ಹಚ್ಚುವುದಿಲ್ಲ. ಇದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ.

ಹೇಳುವ ರೀತಿ ಎಷ್ಟು ಹಾನಿ ಮಾಡಬಲ್ಲದು ಎಂಬುದಕ್ಕೆ ಬ್ರಿಟನ್ನಿನಲ್ಲಿ ನಡೆದದ್ದನ್ನು ಕೇಳಿ. 1995ರ ಅಕ್ಟೋಬರ್‌ನಲ್ಲಿ ಅಲ್ಲಿನ ಔಷಧ ಸುರಕ್ಷತಾ ಸಮಿತಿ, ಕೆಲವು ಗರ್ಭನಿರೋಧಕ ಮಾತ್ರೆಗಳಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಎರಡು ಪಟ್ಟಾಗುತ್ತದೆ ಎಂದು ಎಚ್ಚರಿಸಿತು. ಸುಳ್ಳಲ್ಲ. ಆದರೆ ಆ ಎರಡು ಪಟ್ಟು ಎಂದರೆ 7,000 ಹೆಂಗಸರಲ್ಲಿ ಒಬ್ಬರಿಗೆ ಆಗುತ್ತಿದ್ದದ್ದು ಇಬ್ಬರಿಗೆ. ಹೆದರಿ ಬಹಳ ಮಂದಿ ಮಾತ್ರೆ ಬಿಟ್ಟರು. ಮರುವರ್ಷ ಇಂಗ್ಲೆಂಡ್, ವೇಲ್ಸ್‌ನಲ್ಲಿ ಸುಮಾರು 13,000 ಗರ್ಭಪಾತ ಜಾಸ್ತಿಯಾದವು ಎಂಬ ಅಂದಾಜಿದೆ. ರಕ್ತ ಹೆಪ್ಪುಗಟ್ಟುವ ಭಯ ಆ ಮಾತ್ರೆಗಿಂತ ಬಸುರಿನಲ್ಲೇ ಹೆಚ್ಚು!

ಈಗ ನಿಮ್ಮ ಕೆಲಸ. ಡಬಲ್ ಮಾರ್ಕರ್ ಸೋಸುವ ಜರಡಿ ಅಷ್ಟೆ. ತೋಳಿನ ರಕ್ತದಲ್ಲೇ ಮಾಡುವ ಎನ್‌ಐಪಿಟಿ ಎಂಬ ಪರೀಕ್ಷೆ ಇನ್ನೂ ಸಣ್ಣ ಕಣ್ಣಿನ ಜರಡಿ. ಖಚಿತ ಉತ್ತರ ಬೇಕೆಂದರೆ ಗರ್ಭದ ನೀರು ತೆಗೆದು ನೋಡುವ ಆಮ್ನಿಯೋಸೆಂಟೆಸಿಸ್ ಇದೆ. ಅದನ್ನು 15 ವಾರದ ಮೇಲೆ ಮಾಡುತ್ತಾರೆ. ಅದರಿಂದ ಗರ್ಭಪಾತವಾಗುವ ಸಣ್ಣ ಅಪಾಯವೂ ಇದೆ. ಡಾಕ್ಟರ್ ಯಾವುದನ್ನು ಹೇಳಿದ್ದರೂ "ಸಾವಿರಕ್ಕೆ ಎಷ್ಟು ಜನರಿಗೆ ಆಗುತ್ತೆ, ಎಷ್ಟು ಜನರಿಗೆ ಆಗಲ್ಲ?" ಎಂದು ಎರಡನ್ನೂ ಕೇಳಿ, ಬರೆದುಕೊಳ್ಳಿ. ಸುಮ್ನೆ ದಿನ ದೂಡಬೇಡಿ. ಅತ್ತೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ.