ಅಪ್ಪನ ರೇಡಿಯೊ ಅಂಗಡಿ

ಪ್ರಶ್ನೆ: ಬೆಂಗಳೂರಿನ ಚಾಮರಾಜಪೇಟೆಯಲ್ಲಿ ನಿಮ್ಮ ತಂದೆಯವರ ರೇಡಿಯೊ ಅಂಗಡಿ ಇತ್ತಲ್ವಾ? ಆಗಿನ ವ್ಯಾಪಾರ ಹೇಗಿತ್ತು?

ಉತ್ತರ: ರೇಡಿಯೊ ಕೊಂಡರಷ್ಟೇ ಸಾಲದು, ಪೋಸ್ಟ್ ಆಫೀಸಿನಲ್ಲಿ ಲೈಸೆನ್ಸ್ ಮಾಡಿಸಿ ವರ್ಷ ವರ್ಷ ದುಡ್ಡು ಕಟ್ಟಬೇಕಿತ್ತು. ವಾಲ್ವ್ ಸೆಟ್, ಅಂದರೆ ಬಲ್ಬಿನಂಥ ಗಾಜಿನ ವಾಲ್ವ್‌ಗಳಿದ್ದ ಹಳೆ ರೇಡಿಯೊ, ಹಾಕಿದ ತಕ್ಷಣ ಹಾಡುತ್ತಿರಲಿಲ್ಲ. ಒಳಗಿನ ತಂತಿ ಕಾದು ಕೆಂಪಾಗಬೇಕು. ಗಿರಾಕಿಗಳು ಮಾತು ನಿಲ್ಲಿಸಿ ಕಾಯುತ್ತಿದ್ದರು. ಮೊದಲು ಕಾದ ಧೂಳಿನ ವಾಸನೆ, ಆಮೇಲೆ ಆಕಾಶವಾಣಿ. ಆ ವಾಸನೆ ನನಗೆ ಈಗಲೂ ಬಲು ಇಷ್ಟ.

1982ರಲ್ಲಿ ದೆಹಲಿ ಏಷ್ಯನ್ ಗೇಮ್ಸ್ ಹೊತ್ತಿಗೆ ಕಲರ್ ಟಿವಿ ಬಂತು. ಆಂಟೆನಾ ತಿರುಗಿಸಲು ಅಣ್ಣ ತಾರಸಿ ಹತ್ತುತ್ತಿದ್ದ. ನಾನು ಕೆಳಗಿನಿಂದ "ಇನ್ನೂ ಸ್ವಲ್ಪ ಎಡಕ್ಕೆ" ಅಂತ ಕೂಗುತ್ತಿದ್ದೆ. ಬಿಡಿಭಾಗ ಬೇಕಾದರೆ ಎಸ್.ಪಿ. ರೋಡಿಗೆ ಓಟ. ಕ್ಯಾಸೆಟ್, ಸಿಡಿ ಎಲ್ಲ ಬಂದು ಹೋದವು.

ನಿಮ್ಮ ಮನೆಯಲ್ಲಿ ವಾಲ್ವ್ ರೇಡಿಯೊ ಇದ್ದರೆ ಸುಮ್ನೆ ಗುಜರಿಗೆ ಹಾಕಬೇಡಿ. ನೇರವಾಗಿ ಕರೆಂಟಿಗೂ ಹಾಕಬೇಡಿ. ಒಳಗಿನ ಹಳೆ ಕೆಪಾಸಿಟರ್ (ವಿದ್ಯುತ್ ಹಿಡಿದಿಡುವ ಸಣ್ಣ ಬಿಡಿಭಾಗ) ಕೆಟ್ಟಿರುತ್ತವೆ, ಮೊದಲು ಬದಲಾಯಿಸಿ.