ಹಾಸನದ ಲಾಡ್ಜ್ ಬಿಲ್ಲಿಗೆ ಒಂದು ಉತ್ತರ

ಬೆಂಗಳೂರಿನ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿರುವುದರಿಂದ ಹಾಕಿಲ್ಲ. ಹಾಸನದಲ್ಲಿ ಮೂರು ದಿನ ಉಳಿಯಿರಿ ಎಂದು ನಾವು ಹಿಂದೊಮ್ಮೆ ಬರೆದಿದ್ದನ್ನು ನಂಬಿ ಪತ್ನಿಯನ್ನು ಕರೆದುಕೊಂಡು ಹೋಗಿದ್ದರಂತೆ. ಮುಖ್ಯವಾದ ಭಾಗ ಇಷ್ಟು: “ಬಸ್ ನಿಲ್ದಾಣದ ಹತ್ತಿರ ಲಾಡ್ಜ್ ಹಿಡಿದೆವು. ಮೊದಲ ದಿನವೇ ಬೇಲೂರು, ಹಳೇಬೀಡು ಎರಡೂ ಮುಗಿದವು. ಮರುದಿನ ಹಾಸನಾಂಬೆಯ ದರ್ಶನಕ್ಕೆ ಹೋದರೆ ಗುಡಿಗೆ ಬೀಗ. ಊರಿನಲ್ಲಿ ನೋಡುವಂಥದ್ದು ಇನ್ನೇನೂ ಇಲ್ಲ. ಸಂಜೆ ಆರಕ್ಕೇ ರೂಮಿಗೆ ಬಂದು ಟಿ.ವಿ. ನೋಡುತ್ತಾ ಕುಳಿತೆವು. ಮೂರನೆಯ ದಿನಕ್ಕೆ ಬಾಡಿಗೆ ಕೊಟ್ಟಿದ್ದರೂ ಬಿಟ್ಟು ಬಂದೆವು. ಮಗ ಹೇಳಿದಂತೆ ಚಿಕ್ಕಮಗಳೂರಿಗೆ ಹೋಗಿದ್ದರೆ ಬೆಟ್ಟವಾದರೂ ಸಿಗುತ್ತಿತ್ತು. ಆ ಒಂದು ದಿನದ ಬಾಡಿಗೆಯನ್ನು ಪತ್ರಿಕೆಯವರೇ ಕೊಡಬೇಕು.” ಪತ್ರದ ಜೊತೆಗೆ ಲಾಡ್ಜ್ ಬಿಲ್ಲೂ ಬಂದಿದೆ. ತಮಾಷೆಗೆ ಬರೆದಿದ್ದಾರೆ ಎಂದುಕೊಳ್ಳೋಣವೆಂದರೆ, ಕಳಿಸಿರುವುದು ಜೆರಾಕ್ಸ್ ಪ್ರತಿಯಲ್ಲ, ಮೂಲ ಬಿಲ್ಲು.

ಮೊದಲು ನಮ್ಮ ತಪ್ಪು. ಹಾಸನಾಂಬೆಯ ಬಾಗಿಲು ಆಶ್ವಯುಜದ ಹುಣ್ಣಿಮೆ ಕಳೆದ ಮೊದಲ ಗುರುವಾರ ತೆರೆದು, ಬಲಿಪಾಡ್ಯಮಿ ಮುಗಿಯುತ್ತಿದ್ದಂತೆ ಮುಚ್ಚುತ್ತದೆ ಎಂಬುದನ್ನು ಲೇಖನದಲ್ಲಿ ಒಂದು ಸಾಲಿನಲ್ಲಾದರೂ ಹೇಳಬೇಕಿತ್ತು. ಕೈ ತಪ್ಪಿತು. ನಿಮ್ಮ ಪತ್ನಿಯವರಿಗೆ ನನ್ನ ಪರವಾಗಿ ಕ್ಷಮೆ ಕೇಳಿ.

ಚಿಕ್ಕಮಗಳೂರಿನ ವಿಷಯವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಒಳ್ಳೆಯ ಊರು. 1930 ಮೀಟರಿನ ಮುಳ್ಳಯ್ಯನಗಿರಿಗಿಂತ ಎತ್ತರದ ಬೆಟ್ಟ ಈ ರಾಜ್ಯದಲ್ಲಿಲ್ಲ. ಬಾಬಾಬುಡನ್ ತಂದ ಏಳು ಕಾಫಿ ಬೀಜದ ಕಥೆಯನ್ನು ನಾನೇ ಈ ಪತ್ರಿಕೆಯಲ್ಲಿ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಆದರೆ ನಿಮ್ಮ ಮಗ ಚಿಕ್ಕಮಗಳೂರು ಎಂದಾಗ ಅವರ ಮನಸ್ಸಿನಲ್ಲಿದ್ದದ್ದು ಊರಲ್ಲ, ಬೆಟ್ಟ. ಊರಿಗೆ ಅಂಟಿಕೊಂಡೇ ಇರುವ ಹಿರೇಮಗಳೂರಿನಲ್ಲಿ ಕೋದಂಡರಾಮನಿಗೆ ಕನ್ನಡದಲ್ಲಿ ಪೂಜೆ ನಡೆಯುತ್ತದೆ. ಅದನ್ನು ನೋಡಿಕೊಂಡು ಬಂದೆ ಎಂದು ಹೇಳುವ ಪ್ರವಾಸಿಗಾಗಿ ಕಾಯುತ್ತಿದ್ದೇನೆ. ಗಿರಿಯ ರಸ್ತೆಯಲ್ಲಿ ಶನಿವಾರ ಬೆಳಗ್ಗೆ ಒಂದರ ಬಾಲಕ್ಕೆ ಒಂದು ಕಾರು ನಿಂತಿರುತ್ತದೆ. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯನ್ನು ಅಲ್ಲಿಯ ಮೊದಲ ತಿರುವಿನಲ್ಲಿ ಬೋರ್ಡಿಗೆ ಬರೆಸಿ ನಿಲ್ಲಿಸಬೇಕು. ಇರಲಿ, ಹೋಗಿ ಬನ್ನಿ. ನನ್ನ ತಕರಾರು ಅದರ ಮೇಲಲ್ಲ.

ತಕರಾರು ಇರುವುದು “ಎರಡೂ ಮುಗಿದವು” ಎಂಬ ಮಾತಿನ ಮೇಲೆ.

ಸ್ವಾಮಿ, ಬೇಲೂರು ಮುಗಿಯುವುದೆಂದರೇನು? 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ದೇವಾಲಯದ ಕೆಲಸ ಆಮೇಲೂ ಮೂರು ತಲೆಮಾರು ನಡೆಯಿತೆಂದು ಹೇಳುತ್ತಾರೆ. ಅದು ನಿಮಗೆ ಮಧ್ಯಾಹ್ನದ ಊಟದೊಳಗೆ ಮುಗಿಯಿತು! ಅಲ್ಲಿ ನಿಮಗೆ ಏನು ತೋರಿಸಿದರೆಂದು ನಾನು ಕುಳಿತಲ್ಲೇ ಹೇಳಬಲ್ಲೆ. ಕನ್ನಡಿ ಹಿಡಿದ ಶಿಲಾಬಾಲಿಕೆಯನ್ನು ತೋರಿಸಿ ಈಕೆಯೇ ಶಾಂತಲೆ ಎಂದಿರುತ್ತಾರೆ. ಕಪ್ಪೆ ಚೆನ್ನಿಗರಾಯನ ಮುಂದೆ ನಿಲ್ಲಿಸಿ ಜಕಣಾಚಾರಿಯ ಕಥೆ ಹೇಳಿರುತ್ತಾರೆ. ಜಕಣಾಚಾರಿ ನಮ್ಮ ಜನಪದದ ಸುಂದರ ಕಥೆ, ಬೇಡವೆನ್ನಲಾರೆ. ಆದರೆ ಅದೇ ಗುಡಿಯ ಶಿಲಾಬಾಲಿಕೆಯರ ಪಾದದ ಕೆಳಗೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರನ್ನು ತಾವೇ ಕೊರೆದಿಟ್ಟು ಹೋಗಿದ್ದಾರೆ. ಅದೂ ಬರಿಯ ಹೆಸರಲ್ಲ, ಬಿರುದುಗಳ ಸಮೇತ. ಒಂಬತ್ತು ನೂರು ವರ್ಷದಿಂದ “ಇದನ್ನು ಮಾಡಿದವನು ನಾನು” ಎಂದು ಕೂಗುತ್ತಿರುವ ಮನುಷ್ಯನನ್ನು ಬಿಟ್ಟು, ಹೆಸರು ಎಲ್ಲಿಯೂ ಕಾಣದವನನ್ನು ಹುಡುಕುತ್ತೇವೆ. ಬಳ್ಳಿಗಾವೆ ಇಂದಿನ ಶಿಕಾರಿಪುರ ತಾಲ್ಲೂಕಿನಲ್ಲಿದೆ. ಅಪ್ಪ, ಮಗ ಅಲ್ಲಿಂದ ಮಲೆನಾಡಿನ ಅಂಚು ಹಿಡಿದು ಉಳಿ ಸುತ್ತಿಗೆಯ ಗಂಟು ಹೊತ್ತು ಬಂದದ್ದನ್ನು ಒಂದು ಗಳಿಗೆ ಊಹಿಸಿಕೊಂಡರೆ ಗುಡಿ ಮುಗಿಯುವುದಿಲ್ಲ, ಆಗ ಶುರುವಾಗುತ್ತದೆ.

ಹಳೇಬೀಡಿನಲ್ಲಿ ಹೊಯ್ಸಳೇಶ್ವರ ನೋಡಿದಿರಿ, ಸರಿ. ಅಲ್ಲಿಂದ ಕೂಗಳತೆಯ ಬಸ್ತಿಹಳ್ಳಿಗೆ ಹೋಗಿದ್ದಿರಾ? ಪತ್ರದಲ್ಲಿ ಸುದ್ದಿಯೇ ಇಲ್ಲ. ಅಲ್ಲಿಯ ಪಾರ್ಶ್ವನಾಥ ಬಸದಿಯ ಕಂಬಗಳನ್ನು ತಿರುಗಣೆಗೆ ಕೊಟ್ಟು ಎಷ್ಟು ನಯ ಮಾಡಿದ್ದಾರೆಂದರೆ ನಿಮ್ಮ ಮುಖ ನಿಮಗೇ ಕಾಣುತ್ತದೆ. ಬಳಪದ ಕಲ್ಲು ಗಣಿಯಿಂದ ಬಂದ ಹೊಸದರಲ್ಲಿ ಮೆತ್ತಗಿದ್ದು, ಗಾಳಿ ಬೆಳಕಿಗೆ ಬಿದ್ದಂತೆ ಗಟ್ಟಿಯಾಗುತ್ತದೆ. ಆದ್ದರಿಂದಲೇ ಆ ಕೆತ್ತನೆ, ಆ ನಯ ಸಾಧ್ಯವಾದದ್ದು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಎಲ್ಲರೂ ಅಭಿಮಾನದಿಂದ ಬೀಗಿದೆವು. ಮಾರನೆಯ ವಾರವೇ ಅರ್ಧ ಗಂಟೆಯಲ್ಲಿ ನೋಡಿ ಮುಗಿಸಲು ಹೊರಟೆವು.

ಈಗ “ಊರಿನಲ್ಲಿ ನೋಡುವಂಥದ್ದು ಏನೂ ಇಲ್ಲ” ಎಂಬ ಆರೋಪ. ಇದಕ್ಕೆ ನಾನು ಸ್ವಲ್ಪ ಸ್ವಂತದ ಸಂಗತಿ ಹೇಳಬೇಕು. ಹಾಸನದ ಕೆ.ಆರ್. ಪುರಂನಲ್ಲಿ ನನ್ನ ಸೋದರತ್ತೆಯ ಮನೆಯಿತ್ತು. ಹತ್ತು ಹನ್ನೆರಡು ಬೇಸಿಗೆಗಳನ್ನು ಅಲ್ಲಿ ಕಳೆದಿದ್ದೇನೆ. ಅಷ್ಟು ವರ್ಷಗಳಲ್ಲಿ ಯಾರೂ ನನ್ನನ್ನು ಬೇಲೂರಿಗೆ ಕರೆದೊಯ್ಯಲಿಲ್ಲ. ನೆಂಟರ ಮನೆಗೆ ಹೋಗುವುದೆಂದರೆ ಆಗ ಇರುವುದಕ್ಕೆ, ನೋಡುವುದಕ್ಕಲ್ಲ. ಬೆಳಗ್ಗೆ ಮಾವನ ಹಿಂದೆ ಚೀಲ ಹಿಡಿದು ಕಟ್ಟಿನಕೆರೆ ಮಾರುಕಟ್ಟೆಗೆ ಹೋಗುವುದು, ಸಂಜೆ ಮಹಾರಾಜ ಪಾರ್ಕಿನಲ್ಲಿ ಅವರು ಸ್ನೇಹಿತರ ಜೊತೆ ಹರಟುವಾಗ ಪಕ್ಕದಲ್ಲಿ ಕೂರುವುದು. ಮೇ ತಿಂಗಳ ಮಳೆ ಬಿದ್ದರೆ ಮಾತೆಲ್ಲ ಆಲೂಗಡ್ಡೆಯದು: ಜಲಂಧರದಿಂದ ಬಿತ್ತನೆ ಗಡ್ಡೆಯ ಲಾರಿ ಬಂತೇ, ಮೂಟೆಗೆ ಎಷ್ಟಾಯಿತು, ಈ ಸಲವೂ ಬೆಳೆಗೆ ಅಂಗಮಾರಿ ರೋಗ ಬೀಳುತ್ತದೆಯೇ. ಪಂಜಾಬಿನ ಗಡ್ಡೆಗೂ ಹಾಸನದ ರೈತನ ನಿದ್ದೆಗೂ ಇರುವ ಸಂಬಂಧ ನನಗೆ ಎಂಟನೆಯ ವಯಸ್ಸಿನಲ್ಲೇ ಗೊತ್ತಿತ್ತು. ಇದು ನೋಡುವಂಥದ್ದಲ್ಲವೇ?

ಒಂದು ದಿನ ಮಾವ ಯಾರಿಗೋ ಹಣ ಕೊಡಲು ಸೈಕಲ್ಲಿನ ಹಿಂದೆ ನನ್ನನ್ನು ಕೂರಿಸಿಕೊಂಡು ಅರಸೀಕೆರೆ ರಸ್ತೆಯಲ್ಲಿ ಕೋರವಂಗಲಕ್ಕೆ ಹೋದರು. ಆ ಮನುಷ್ಯ ಮನೆಯಲ್ಲಿರಲಿಲ್ಲ. ಬರುವವರೆಗೆ ಹೊತ್ತು ಹೋಗಬೇಕಲ್ಲ, ಊರಂಚಿನ ಗುಡಿಗೆ ಹೋಗಿ ಕುಳಿತೆವು. ಮಾವನಿಗೆ ಅದರ ಹೆಸರೂ ಸರಿಯಾಗಿ ಗೊತ್ತಿರಲಿಲ್ಲ. ಬೂಚೇಶ್ವರ. ಎರಡನೆಯ ವೀರಬಲ್ಲಾಳ ಪಟ್ಟಕ್ಕೆ ಬಂದ 1173ರಲ್ಲಿ ಬೂಚಿರಾಜನೆಂಬ ಅಧಿಕಾರಿ ಕಟ್ಟಿಸಿದ್ದು. ಪಶ್ಚಿಮದ ಗರ್ಭಗುಡಿಯಲ್ಲಿ ಶಿವ, ಅವನಿಗೆ ಎದುರಾಗಿ ಪೂರ್ವದಲ್ಲಿ ಸೂರ್ಯ. ಬೂಚಿರಾಜನ ಸಹೋದರರು ಕಟ್ಟಿಸಿದ ಗುಡಿಗಳೂ ಅದೇ ಊರಿನಲ್ಲಿದ್ದವು, ಅವು ಹಾಳುಬಿದ್ದಿವೆ. ಇದೆಲ್ಲ ನಾನು ಆಮೇಲೆ ಓದಿಕೊಂಡಿದ್ದು. ಅಂದು ಕಂಡದ್ದು ಕಲ್ಲಿನ ತಂಪು, ಜಗಲಿಯ ಮೇಲೆ ಹುಣಸೆಹಣ್ಣು ಬಿಡಿಸುತ್ತಿದ್ದ ಒಬ್ಬ ಅಜ್ಜಿ, ಹೊರಗೋಡೆಯ ಮೇಲೆ ಸಾಲಾಗಿ ನಿಂತ ದೇವರುಗಳು. ನನ್ನನ್ನು ಈ ಹಾದಿಗೆ ಹಚ್ಚಿದ್ದು ಯಾವ ವಿಶ್ವವಿದ್ಯಾಲಯವೂ ಅಲ್ಲ, ಹೊತ್ತಿಗೆ ಸರಿಯಾಗಿ ಮನೆಯಲ್ಲಿ ಸಿಗದ ಆ ಮನುಷ್ಯ.

ಹಾಸನದ ಸುತ್ತ ಇಂಥವು ಎಷ್ಟಿಲ್ಲ! ನೀವು ಬೇಲೂರಿಗೆ ಹೋದ ರಸ್ತೆಯಲ್ಲೇ ದೊಡ್ಡಗದ್ದವಳ್ಳಿಯ ತಿರುವು ದಾಟಿದ್ದೀರಿ. ಬಸ್ಸಿನ ಕಿಟಕಿಯಿಂದ ಬೋರ್ಡಾದರೂ ಕಂಡಿರಬೇಕು. ಬೇಲೂರಿಗಿಂತ ಮೂರು ನಾಲ್ಕು ವರ್ಷ ಹಿರಿದಾದ ಗುಡಿ ಅದು. ಕಟ್ಟಿಸಿದ್ದು ರಾಜನಲ್ಲ, ಕುಲ್ಲಹಣ ರಾಹುತನೆಂಬ ವರ್ತಕ ಮತ್ತು ಅವನ ಹೆಂಡತಿ ಸಹಜಾದೇವಿ. ವರ್ತಕನಾದ್ದರಿಂದ ಲಕ್ಷ್ಮಿಗೆ ಕಟ್ಟಿಸಿದ್ದಾನೆ ಎಂದು ನಗಬೇಡಿ. ಲಕ್ಷ್ಮಿಯ ಜೊತೆಗೆ ಅದೇ ಮಾಡಿನಡಿ ಶಿವನಿಗೂ ಕಾಳಿಗೂ ಜಾಗ ಕೊಟ್ಟಿದ್ದಾನೆ. ಒಟ್ಟು ನಾಲ್ಕು ಗರ್ಭಗುಡಿ. ಕಾಳಿಯ ಬಾಗಿಲಲ್ಲಿ ಎಲುಬಿನ ಹಂದರದಂಥ ಎರಡು ಬೇತಾಳಗಳು ಆಳೆತ್ತರಕ್ಕೆ ನಿಂತಿವೆ. ಗುಡಿಯ ಪಕ್ಕದಲ್ಲೇ ಕೆರೆ. ಹೊರಗೆ ಬೇಲೂರಿನ ಕುಸುರಿಯಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಮೇಲೇರುವ ಸರಳ ಶಿಖರಗಳು. ನಾನು ಹೋದಾಗಲೆಲ್ಲ ನನ್ನನ್ನು ಬಿಟ್ಟರೆ ಕಾವಲುಗಾರ, ಅವನ ಬಿಟ್ಟರೆ ಕೆರೆಯ ಕೊಕ್ಕರೆ.

ಹೊಳೆನರಸೀಪುರದ ಕಡೆ ಹೋದರೆ ಮೊಸಳೆ. ಹರಿ, ಹರ ಇಬ್ಬರಿಗೂ ಅಳತೆ ಹಿಡಿದಂತೆ ಒಂದೇ ತೆರನಾದ ಎರಡು ಗುಡಿ, ಮಗ್ಗುಲು ಮಗ್ಗುಲಿಗೆ. ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಡಿಮೆಯಿಲ್ಲ. ದಾಯಾದಿಗಳ ಪಾಲು ಪಂಚಾಯಿತಿ ಮಾಡುವವರು ಒಮ್ಮೆ ನೋಡಿಕೊಂಡು ಬರಬೇಕು.

ಇನ್ನು ಹಲ್ಮಿಡಿ. ಅದೂ ಬೇಲೂರು ತಾಲ್ಲೂಕೇ. ಸುಮಾರು ಕ್ರಿ.ಶ. 450ರ ಹದಿನಾರು ಸಾಲು. ಕನ್ನಡ ಗದ್ಯ ತೊದಲುತ್ತಾ ಹೆಜ್ಜೆಯಿಟ್ಟದ್ದನ್ನು ನಾವು ಮೊದಲು ಕಂಡದ್ದು ಅಲ್ಲಿ. ತಾಳಗುಂದದ ಶಾಸನ ಅದಕ್ಕಿಂತ ಹಳೆಯದೆಂಬ ವಾದ ಈಚೆಗೆ ಬಂದಿದೆ, ವಿದ್ವಾಂಸರು ಬಗೆಹರಿಸಿಕೊಳ್ಳಲಿ. ಮೂಲ ಕಲ್ಲು ಈಗ ಊರಿನಲ್ಲಿಲ್ಲ, ಪ್ರತಿಕೃತಿ ನಿಲ್ಲಿಸಿದ್ದಾರೆ. ಹಾಗಿದ್ದರೂ ನವೆಂಬರಿನಲ್ಲಿ ಬಾವುಟ ಹಿಡಿದು ಗಂಟಲು ಹರಿದುಕೊಳ್ಳುವವರಲ್ಲಿ ಹಲ್ಮಿಡಿಗೆ ಎಷ್ಟು ಜನ ಹೋಗಿದ್ದೀರಿ ಎಂದು ಕೈ ಎತ್ತಿಸಿದರೆ ಆ ಕೈಗಳನ್ನು ಎಣಿಸಲು ಬೆರಳುಗಳೇ ಸಾಕು. ಒಂದು ಶಾಲೆಯ ಪ್ರವಾಸದ ಬಸ್ಸಿನಲ್ಲಿ ಅತಿಥಿಯಾಗಿ ಹೋಗಿದ್ದೆ. ಶ್ರವಣಬೆಳಗೊಳ, ಹಳೇಬೀಡು, ಬೇಲೂರು ಒಂದೇ ಹಗಲಿನಲ್ಲಿ. ಮಕ್ಕಳನ್ನು ಸೀಟಿ ಊದಿ ಇಳಿಸಿದರು, ಸೀಟಿ ಊದಿ ಹತ್ತಿಸಿದರು. ಹಲ್ಮಿಡಿಗೆ ತಿರುಗಿಸೋಣವೇ ಎಂದು ಕೇಳಿದೆ. “ಅಲ್ಲಿ ಪಾರ್ಕಿಂಗ್ ಇದೆಯೇ ಸಾರ್?” ಎಂದರು. ಮರುದಿನ ಆ ಮಕ್ಕಳು ಬರೆದ ಪ್ರಬಂಧಗಳಲ್ಲಿ ಇಡ್ಲಿ, ವಾಂತಿ, ಬಸ್ಸಿನ ಹಾಡು ಇದ್ದವು. ಮಕ್ಕಳು ಸುಳ್ಳು ಬರೆಯುವುದಿಲ್ಲ.

ನಮ್ಮ ಕಾಯಿಲೆ ಇದು. ಊರುಗಳನ್ನು ‘ಸ್ಪಾಟ್’ ಮಾಡಿಕೊಂಡಿದ್ದೇವೆ. ಊರು ನಮಗಾಗಿ ಏನಾದರೂ ಆಡಿ ತೋರಿಸಬೇಕು, ಇಲ್ಲದಿದ್ದರೆ ಬಿಲ್ಲು ವಾಪಸ್. ನಮ್ಮ ಪತ್ರಿಕೆಗಳೇನು ಕಡಿಮೆ? “ಕೈಬೀಸಿ ಕರೆಯುವ ನಿಸರ್ಗ ಸಿರಿ” ಎಂಬ ಶೀರ್ಷಿಕೆಯನ್ನು ನಾನೇ ನನ್ನ ಕೆಂಪು ಪೆನ್ನಿನಿಂದ ಎಷ್ಟು ಬಾರಿ ಹೊಡೆದುಹಾಕಿದ್ದೇನೆ, ಹೊಡೆದಷ್ಟೂ ಬೇರೆ ಪುಟದಲ್ಲಿ ಚಿಗುರುತ್ತದೆ. ಹಾಸನ ಯಾರನ್ನೂ ಕೈಬೀಸಿ ಕರೆಯುವುದಿಲ್ಲ. ಬಂದರೆ ಜಾಗ ಬಿಟ್ಟುಕೊಟ್ಟು ತನ್ನ ಪಾಡಿಗೆ ತಾನು ಕೆಲಸ ಮಾಡಿಕೊಂಡಿರುತ್ತದೆ. ಬಡವರ ಊಟಿ ಎಂಬ ಹೆಸರು ಅದಕ್ಕೆ ಬಂದದ್ದು ಹವೆಯಿಂದ. ಮನೆಯಲ್ಲಿ ಫ್ಯಾನಿಲ್ಲದೆ ಮಲಗಿದ ನನ್ನ ಅತ್ತೆಗೆ ಆ ಹೆಸರು ಕೇಳಿದರೆ ಸಿಟ್ಟು ಬರುತ್ತಿತ್ತು: “ನಾವು ಬಡವರೂ ಅಲ್ಲ, ಇದು ಊಟಿಯೂ ಅಲ್ಲ.”

ನೀವು ಕಂಡ ಆ ಬೀಗದ ಬಾಗಿಲಿನ ಬಗ್ಗೆಯೂ ಒಂದು ಮಾತು. ಒಳಗಿರುವುದು ಕೆತ್ತಿದ ವಿಗ್ರಹವಲ್ಲ, ಹುತ್ತ. ಸಪ್ತಮಾತೃಕೆಯರಲ್ಲಿ ಮೂವರು ಇಲ್ಲಿ ಹುತ್ತವಾಗಿ ನೆಲೆಸಿದರೆಂದೂ, ಮೂವರು ಊರಿನ ದೇವಿಗೆರೆಯಲ್ಲಿ, ಒಬ್ಬಳು ಆಲೂರು ಕಡೆಯ ಕೆಂಚಮ್ಮನ ಹೊಸಕೋಟೆಯಲ್ಲಿ ನಿಂತರೆಂದೂ ಐತಿಹ್ಯ. ಬಾಗಿಲು ಹಾಕುವಾಗ ಹಚ್ಚಿಟ್ಟ ದೀಪ ಮರುವರ್ಷದವರೆಗೆ ಉರಿಯುತ್ತದೆಂಬುದು ಭಕ್ತರ ನಂಬಿಕೆ. ಊರಿಗೆ ಹೆಸರು ಕೊಟ್ಟ ದೇವತೆ ವರ್ಷದಲ್ಲಿ ಎರಡು ವಾರದಷ್ಟು ಮಾತ್ರ ಮುಖ ತೋರಿಸುತ್ತಾಳೆ. ಆ ದಿನಗಳಲ್ಲಿ ಸಾಲು ಯಾವ ಬೀದಿಯಲ್ಲಿ ಮುಗಿಯುತ್ತದೆಂದು ಊರಿನವರಿಗೇ ತಿಳಿಯುವುದಿಲ್ಲ. ನೀವು ಹೋದ ದಿನ ಆ ಬೀದಿಯಲ್ಲಿ ಹೂ ಕಟ್ಟುವವರ ಪಕ್ಕ ನಿಂತು ನಾಲ್ಕು ಮಾತಾಡಬಹುದಿತ್ತು. ಆ ಎರಡು ವಾರದಲ್ಲಿ ಅದಕ್ಕೆ ಯಾರಿಗೂ ಬಿಡುವಿಲ್ಲ.

ಕೊನೆಯದಾಗಿ, ಆರು ಗಂಟೆಗೇ ರೂಮಿಗೆ ಬಂದು ನೋಡಿದ ಆ ಟಿ.ವಿ. ನೀವು ಕುಳಿತ ಮಂಚದಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ, ಸಾಲಗಾಮೆ ರಸ್ತೆಯಲ್ಲಿ, ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರವಿದೆ. 1982ರಿಂದ, ಇನ್ಸಾಟ್ ಕಾಲದಿಂದ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುವ ನಮ್ಮ ಉಪಗ್ರಹಗಳು ಜಾಗ ಬಿಟ್ಟು ಕದಲದಂತೆ ನೋಡಿಕೊಳ್ಳುತ್ತಿರುವುದು ಈ ಊರು. ಊರಿನಲ್ಲಿ ಏನೂ ಇಲ್ಲವೆಂದು ಬೇಸತ್ತು ನೀವು ಒತ್ತಿದ ಚಾನೆಲ್ಲು ಆಕಾಶಕ್ಕೆ ಹೋಗಿ ಬಂದದ್ದು ಹಾಸನದವರ ಕಾವಲಿನಲ್ಲೇ ಇದ್ದೀತು. ಪ್ರವಾಸಿಗಳನ್ನು ಹಾಗೆಲ್ಲ ಒಳಗೆ ಬಿಡುವುದಿಲ್ಲ, ರಸ್ತೆಯಿಂದ ದೊಡ್ಡ ಆಂಟೆನಾಗಳನ್ನು ನೋಡಬಹುದು, ಅಷ್ಟೆ.

ಬಾಡಿಗೆಯ ಹಣ ಕೊಡಲು ನಮ್ಮ ಲೆಕ್ಕಪತ್ರದವರು ಒಪ್ಪಲಿಲ್ಲ. ಬಿಲ್ಲನ್ನು ಅಂಚೆಯಲ್ಲಿ ಹಿಂದಿರುಗಿಸಿದ್ದೇನೆ. ಅದರ ಬೆನ್ನಿಗೆ ದೊಡ್ಡಗದ್ದವಳ್ಳಿ, ಕೋರವಂಗಲ, ಮೊಸಳೆಗೆ ಹೋಗುವ ದಾರಿಯನ್ನು ನನ್ನ ಕೈಯಾರೆ ಬಿಡಿಸಿದ್ದೇನೆ. ಅಕ್ಷರ ಸ್ವಲ್ಪ ಸೊಟ್ಟಗಿದೆ. ಹೋಗುವಾಗ ಒಂದು ಟಾರ್ಚ್ ಇಟ್ಟುಕೊಳ್ಳಿ, ಕಾಳಿಯ ಗುಡಿಯೊಳಗೆ ಕತ್ತಲೆ.